ಪ್ರಯೋಗಶಾಲೆಯ ಪಕ್ಕದಿಂದ: ಹಳೆಯ ಕಂಪ್ಯೂಟರಿನ ಕಣ್ಣುಬೇನೆ

ಈ ಸಲ ನಾವು ಗಾಜಿನ ಕೊಳವೆಗಳನ್ನು ಬದಿಗಿಟ್ಟು ಗರಾಜಿನ ಮೂಲೆಗೆ ಬಂದಿದ್ದೇವೆ. ಅಲ್ಲಿ ಧೂಳು ತಿನ್ನುತ್ತಿರುವ ಹಳೆಯ ಕಂಪ್ಯೂಟರುಗಳಲ್ಲಿ ಮೈಕ್ರೋಬೀ ಈ ದೇಶದ್ದೇ ಕೂಸು. ಅಪ್ಲೈಡ್ ಟೆಕ್ನಾಲಜಿ ಸಂಸ್ಥೆ 1982ರಲ್ಲಿ ಇದನ್ನು ಮೊದಲು ಬಿಡಿಭಾಗಗಳ ಕಿಟ್ಟಾಗಿ ಮಾರಿತು. ಕೊಂಡವರೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕಿತ್ತು. ಮುಂದೆ ಗಾಸ್‌ಫರ್ಡಿನ ಕಾರ್ಖಾನೆಯಿಂದ ನಮ್ಮ ರಾಜ್ಯದ ಶಾಲೆಗಳಿಗೂ ಹೋಯಿತು.

ಕೆಲ್ಲಿವಿಲ್ಲಿನ ಒಂದು ಮನೆಯಲ್ಲಿ ಇಂಥದೊಂದಿದೆ. ಮನೆಯ ಯಜಮಾನರು ತಮ್ಮ ಮಕ್ಕಳಿಗೆ ಕಲಿಸಲೆಂದು ಅದರಲ್ಲಿ ಚುಕ್ಕೆ ಚುಕ್ಕೆ ಸೇರಿಸಿ ಕನ್ನಡ ಅಕ್ಷರಗಳನ್ನು ಬರೆದಿದ್ದರು. ಅವರು ಈಗಿಲ್ಲ, ಕ್ಯಾಸೆಟ್ಟು ಇದೆ. ಪರದೆಯಲ್ಲಿ ಅಕ್ಷರ ಒಡೆದು ಕಾಣುತ್ತದೆಂದು ಯಂತ್ರ ಇನ್ನೇನು ಕೌನ್ಸಿಲಿನ ಲಾರಿ ಹತ್ತುವುದರಲ್ಲಿತ್ತು. ಅಷ್ಟರಲ್ಲಿ ಅವರ ಶ್ರೀಮತಿಯವರು ನಮಗೆ ಫೋನು ಮಾಡಿದರು.

ಪರದೆಯ ಮೇಲೆ ಸಾಲಿಗೆ 64 ಅಕ್ಷರದಂತೆ 16 ಸಾಲು. ಯಾವ ಚೌಕದಲ್ಲಿ ಯಾವ ಅಕ್ಷರ ಎಂಬುದನ್ನು ಒಂದು ಚಿಪ್ಪು ಅಂಕಿಯಾಗಿ ನೆನಪಿಟ್ಟಿರುತ್ತದೆ. ಇಂಗ್ಲಿಷ್ ಅಕ್ಷರಗಳ ರೂಪ ಅಳಿಸಲಾಗದ ಇನ್ನೊಂದು ಚಿಪ್ಪಿನಲ್ಲಿದೆ. ನಾವೇ ಬರೆದುಕೊಳ್ಳುವ 128 ರೂಪಗಳಿಗೆ ಮೂರನೆಯದು. ಒಂದೊಂದು ರೂಪಕ್ಕೂ 8 ಚುಕ್ಕೆ ಅಗಲ, 16 ಚುಕ್ಕೆ ಎತ್ತರ. ಇಕ್ಕಟ್ಟಾದರೂ ಒತ್ತಕ್ಷರ ಹಿಡಿಸುತ್ತದೆ.

ರೋಗಲಕ್ಷಣ ನೋಡಿಯೇ ಅರ್ಧ ನಿದಾನ ಮಾಡಬಹುದು. ‘ಎ’ ಇರಬೇಕಾದಲ್ಲಿ ‘ಇ’, ‘ಬಿ’ ಇರಬೇಕಾದಲ್ಲಿ ‘ಎಫ್’, ಖಾಲಿ ಜಾಗದಲ್ಲೆಲ್ಲ ಡಾಲರ್ ಚಿಹ್ನೆ ಬಂತೆನ್ನಿ. (ಡಾಲರ್ ಹೀಗೆ ಪುಕ್ಕಟೆ ಸಿಗುವುದು ಇಲ್ಲೊಂದೇ!) ಅಂಕಿಯಲ್ಲಿ 65 ಹೋಗಿ 69, 66 ಹೋಗಿ 70, 32 ಹೋಗಿ 36 ಆಗಿದೆ. ಎಲ್ಲೆಡೆ ವ್ಯತ್ಯಾಸ ನಾಲ್ಕೇ. ಅಂದರೆ ಮೊದಲನೆಯ ಚಿಪ್ಪಿನಿಂದ ಬರುವ ನಾಲ್ಕರ ಬೆಲೆಯ ತಂತಿ ಯಾವಾಗಲೂ ‘ಹೌದು’ ಅನ್ನುತ್ತಿದೆ. ತಪ್ಪು ಒಂದೇ ಚೌಕದಲ್ಲಿದ್ದರೆ ಚಿಪ್ಪಿನೊಳಗಿನ ಒಂದು ಕೋಶ ಸತ್ತಿದೆ. ಚಿತ್ರವೆಲ್ಲ ಅಲೆಯಾಡಿದರೆ ಚಿಪ್ಪುಗಳ ತಂಟೆಗೆ ಹೋಗದೆ ಮೊದಲು ವಿದ್ಯುತ್ ಪೂರೈಸುವ ಭಾಗದ ಕೆಪಾಸಿಟರುಗಳನ್ನು ನೋಡಿ. ಅವುಗಳೊಳಗಿನ ದ್ರಾವಣ ವರ್ಷಗಳು ಕಳೆದಂತೆ ಒಣಗುತ್ತದೆ.

ಕೆಲ್ಲಿವಿಲ್ಲಿನಲ್ಲಿ ಇಂಗ್ಲಿಷ್ ಅಚ್ಚುಕಟ್ಟಾಗಿತ್ತು. ಕನ್ನಡ ಅಕ್ಷರಗಳಲ್ಲಿ ಮಾತ್ರ ಮೇಲಿಂದ ಕೆಳಗೆ ಒಂದು ಸಾಲು ಚುಕ್ಕೆ ಮಾಯ. ಎರಡಕ್ಕೂ ಸಾಮಾನ್ಯವಾದ ಹಾದಿ ನೆಟ್ಟಗಿದೆಯೆಂದಾಯಿತು; ಉಳಿದದ್ದು ಮೂರನೆಯ ಚಿಪ್ಪು. ಕಾಲುಗಳಿಗೆ ಆಕ್ಸೈಡು ಹಿಡಿದಿರಬಹುದೆಂದು ಅದನ್ನು ಸಾಕೆಟ್ಟಿನಿಂದ ಬಿಡಿಸಿ ಮತ್ತೆ ಕೂರಿಸಿದೆವು. ಜಗ್ಗಲಿಲ್ಲ. ಅದೇ ಜಾತಿಯ ಬೇರೆ ಚಿಪ್ಪು ಹಾಕಿದ ಮೇಲೆ ‘ಅ’ದಿಂದ ‘ಳ’ದವರೆಗೆ ಇಡೀ ವರ್ಣಮಾಲೆ ಸರಿಯಾಗಿ ನಿಂತಿತು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವರ ‘ಕ್ಷ’ ಯಾವಾಗಲೂ ಹೀಗೇ ಸೊಟ್ಟ,” ಅಂದರು.

ಒಂದು ಎಚ್ಚರಿಕೆ: ಹಳೆಯ ಮಾನಿಟರಿನ ಬೆನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಚಿತ್ರಕೊಳವೆಯಲ್ಲಿ ಸಾವಿರಾರು ವೋಲ್ಟು ಉಳಿದಿರಬಹುದು. ಕ್ಯಾಸೆಟ್ಟಿನ ಧ್ವನಿಯನ್ನು ಈಗಿನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇವೆ. ಇಂಥವು ನಿಮ್ಮಲ್ಲಿದ್ದರೆ ಮುಂದಿನ ಸಂಚಿಕೆಯೊಳಗೆ ತಿಳಿಸಿ. ನಾವೇ ಬಂದು ಒಯ್ಯುತ್ತೇವೆ.