ಮೊಬೈಲ್ ಹೇಳುವ ಕ್ಯಾಲೊರಿಯನ್ನು ನಂಬಬಹುದೇ?

ಮಕ್ಕಳೇ, ಲಗ್ಗೆರೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಬಿಸಿಯೂಟದ ಹೊತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಅರ್ಧ ತಟ್ಟೆ ಅನ್ನ ಸಾಂಬಾರ್ ಬಿಟ್ಟು ಎದ್ದಳು. ಯಾಕಮ್ಮಾ ಎಂದು ಕೇಳಿದೆ. "ಮಿಸ್, ಬೆಳಿಗ್ಗೆ ಐದು ನಿಮಿಷ ಸ್ಕಿಪ್ಪಿಂಗ್ ಆಡಿದೆ. ಅಣ್ಣನ ಮೊಬೈಲ್‌ನಲ್ಲಿ ಬರೀ 60 ಕ್ಯಾಲೊರಿ ಖರ್ಚಾಯ್ತು ಅಂತ ಬಂತು. ಇಷ್ಟೆಲ್ಲ ತಿಂದ್ರೆ ಜಾಸ್ತಿ ಆಗಲ್ವಾ?" ಎಂದಳು.

ನನಗೆ ಬೇಸರವಾಯಿತು. ಅವಳ ಮೇಲಲ್ಲ, ಆ 60ರ ಮೇಲೆ. ಅದರಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು ದೊಡ್ಡ ತಪ್ಪು. ನಮ್ಮ ಶಕ್ತಿ ಖರ್ಚಾಗುವುದು ಆಟದಲ್ಲಿ ಮಾತ್ರವೆಂದು ಅವಳು ತಿಳಿದಿದ್ದಳು. ನೀವು ಸುಮ್ಮನೆ ಮಲಗಿದ್ದರೂ ಹೃದಯ ಬಡಿಯುತ್ತದೆ, ಮಿದುಳು ಕೆಲಸ ಮಾಡುತ್ತದೆ, ಮೈ ಬೆಚ್ಚಗಿರುತ್ತದೆ. ಜೊತೆಗೆ ನಿಮ್ಮ ವಯಸ್ಸಿನಲ್ಲಿ ಮೂಳೆ, ಮಾಂಸ ಬೆಳೆಯುತ್ತಿರುತ್ತವೆ. ಇದಕ್ಕೆಲ್ಲ ಶಕ್ತಿ ಬೇಕು. 10ರಿಂದ 12 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 2,060 ಕಿಲೊಕ್ಯಾಲೊರಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿವೆ. ನಾವು ಮಾತಿನಲ್ಲಿ 'ಕ್ಯಾಲೊರಿ' ಎನ್ನುವುದು ಈ ಕಿಲೊಕ್ಯಾಲೊರಿಯನ್ನೇ. ಹಿರಿಯ ಪ್ರಾಥಮಿಕ ಮಕ್ಕಳ ಬಿಸಿಯೂಟ 700 ಕಿಲೊಕ್ಯಾಲೊರಿ ಕೊಡಬೇಕೆಂಬುದು ನಿಯಮ. ಅಂದರೆ ದಿನದ ಅಗತ್ಯದ ಮೂರನೆಯ ಒಂದು ಭಾಗ. ಅದರ ಪಕ್ಕದಲ್ಲಿ 60 ಎಷ್ಟು ಚಿಕ್ಕದು ನೋಡಿ!

ಎರಡನೆಯ ತಪ್ಪು ಆ ಸಂಖ್ಯೆಯದೇ. ಮೊಬೈಲಿಗೆ ಅವಳ ಮೈಯೊಳಗೆ ಏನು ನಡೆಯುತ್ತದೆಂದು ತಿಳಿಯುವುದಿಲ್ಲ. ಅದರಲ್ಲಿ ಒಂದು ಪಟ್ಟಿ ಇರುತ್ತದೆ. ಸುಮ್ಮನೆ ಕುಳಿತಾಗಿನ ಖರ್ಚನ್ನು 1 ಎಂದರೆ, ಸಾಧಾರಣ ನಡಿಗೆಗೆ ಸುಮಾರು 3.5, ಸ್ಕಿಪ್ಪಿಂಗ್‌ಗೆ ಸುಮಾರು 11 ಎಂಬ ಲೆಕ್ಕ. ಅದನ್ನು ತೂಕದಿಂದಲೂ ಸಮಯದಿಂದಲೂ ಗುಣಿಸಿ ಉತ್ತರ ಕೊಡುತ್ತದೆ. ಯಾರ ತೂಕ? ವಿಚಾರಿಸಿದೆ. ಅಣ್ಣ ತನ್ನ ತೂಕ 62 ಕಿಲೊಗ್ರಾಂ ಎಂದು ಹಾಕಿಕೊಂಡಿದ್ದ. ಇವಳ ತೂಕ 34. ಆ ಪಟ್ಟಿಯ ಪ್ರಕಾರವೇ ಉತ್ತರ 33 ಬರಬೇಕಿತ್ತು! ಆದರೆ 33 ಕೂಡ ಸರಿಯೆಂದು ಹೇಳಲಾರೆ. ಏಕೆಂದರೆ ಪಟ್ಟಿ ದೊಡ್ಡವರದು. ಮಕ್ಕಳ ದೇಹ ಒಂದು ಕಿಲೊಗ್ರಾಂ ತೂಕಕ್ಕೆ ದೊಡ್ಡವರಿಗಿಂತ ಹೆಚ್ಚು ಶಕ್ತಿ ಬಳಸುತ್ತದೆ.

ಕೈಗೆ ಕಟ್ಟುವ ದುಬಾರಿ ಗಡಿಯಾರಗಳು ಸರಿಯಾಗಿ ಹೇಳುತ್ತವೆಯೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಂತಹ ಏಳು ಸಾಧನಗಳನ್ನು 60 ಜನರಿಗೆ ಕಟ್ಟಿ ಪರೀಕ್ಷಿಸಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಹೃದಯದ ಬಡಿತವನ್ನು ಏಳರಲ್ಲಿ ಆರು ಚೆನ್ನಾಗಿಯೇ ಅಳೆದವು. ಆದರೆ ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇಕಡಾ 27 ತಪ್ಪಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಶೇಕಡಾ 93 ತಪ್ಪಿತ್ತು. ನಿಮ್ಮ ಗಣಿತದ ಉತ್ತರ ಪತ್ರಿಕೆಯಲ್ಲಿ ಇಷ್ಟು ತಪ್ಪಿದ್ದರೆ ನಿಮ್ಮ ಮೇಷ್ಟ್ರು ಸುಮ್ಮನಿರುತ್ತಾರೆಯೇ?

ಹಾಗಾದರೆ ನಿಜವಾಗಿ ಅಳೆಯುವುದು ಹೇಗೆ? ಉಸಿರಿನಿಂದ. ಉಸಿರಾಟವೂ ಒಂದು ಬಗೆಯ ನಿಧಾನದ ಉರಿಯುವಿಕೆ ಎಂದು 18ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೆ ತೋರಿಸಿದ. ಗಿನಿ ಇಲಿಯೊಂದನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟು, ಎಷ್ಟು ಮಂಜು ಕರಗಿತೆಂದು ಅಳೆದ. (ಇಲಿಗೆ ಎಷ್ಟು ಚಳಿಯಾಯಿತೋ!) ಒಂದು ಲೀಟರ್ ಆಮ್ಲಜನಕ ಬಳಸಿದರೆ ದೇಹದಲ್ಲಿ ಸುಮಾರು 5 ಕಿಲೊಕ್ಯಾಲೊರಿ ಬಿಡುಗಡೆಯಾಗುತ್ತದೆಂದು ಈಗ ಗೊತ್ತಿದೆ. ಆದ್ದರಿಂದ ಮುಖಕ್ಕೆ ಮುಸುಕು ಹಾಕಿ, ಉಸಿರಿನ ಗಾಳಿಯನ್ನು ಹಿಡಿದು ಅಳೆಯುತ್ತಾರೆ.

ನಮ್ಮ ಬೆಂಗಳೂರಿನಲ್ಲೇ ಇಂತಹ ಕೆಲಸ ನಡೆದಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸೋರೆಸ್, ಶೆಟ್ಟಿ ಮತ್ತು ಸಂಗಡಿಗರು ಭಾರತೀಯ ಗಂಡಸರು ವಿಶ್ರಾಂತಿಯಲ್ಲಿದ್ದಾಗ ಖರ್ಚು ಮಾಡುವ ಶಕ್ತಿಯನ್ನು ಅಳೆದರು. ಆಗ ಜಗತ್ತೆಲ್ಲ ಬಳಸುತ್ತಿದ್ದ ಸೂತ್ರ ನಮ್ಮವರಿಗೆ ಹೆಚ್ಚು ತೋರಿಸುತ್ತದೆಂದು ತಿಳಿಯಿತು. ಅದು ಬಹುಪಾಲು ಪಾಶ್ಚಾತ್ಯರನ್ನು ಅಳೆದು ಮಾಡಿದ ಸೂತ್ರ. 1993ರಲ್ಲಿ ಇವರು ನಮ್ಮವರಿಗೇ ಬೇರೆ ಸೂತ್ರ ಪ್ರಕಟಿಸಿದರು. ಯಾರನ್ನು ಅಳೆದು ಮಾಡಿದ ಪಟ್ಟಿ ಎಂದು ಕೇಳಬೇಕಾದ್ದು ಇದಕ್ಕೇ.

ನೀವೂ ಒಂದು ಲೆಕ್ಕ ಮಾಡಬಹುದು. ಲಗ್ಗೆರೆಯಲ್ಲಿ ಮೂರು ಮಹಡಿಯ ಮನೆಗಳಿಗೆ ಬರವಿಲ್ಲ. ನಿಮ್ಮ ತೂಕ 40 ಕಿಲೊಗ್ರಾಂ, ಏರಿದ ಎತ್ತರ 9 ಮೀಟರ್ ಎಂದುಕೊಳ್ಳಿ. 40 × 9.8 × 9 = 3,528 ಜೂಲ್. ಒಂದು ಕಿಲೊಕ್ಯಾಲೊರಿ ಎಂದರೆ ಸುಮಾರು 4,184 ಜೂಲ್. ಹಾಗಾಗಿ ನೀವು ಮಾಡಿದ ಕೆಲಸ ಒಂದು ಕಿಲೊಕ್ಯಾಲೊರಿಗಿಂತ ಕಡಿಮೆ! ಆದರೆ ನಮ್ಮ ಸ್ನಾಯುಗಳು ಬಳಸಿದ ಶಕ್ತಿಯ ನಾಲ್ಕು ಅಥವಾ ಐದರಲ್ಲಿ ಒಂದು ಪಾಲನ್ನು ಮಾತ್ರ ಕೆಲಸವಾಗಿಸುತ್ತವೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಮೆಟ್ಟಿಲು ಹತ್ತಿದರೆ ಬೆವರುವುದು ಅದಕ್ಕೇ. ಒಟ್ಟು ಖರ್ಚು ಸುಮಾರು 4 ಕಿಲೊಕ್ಯಾಲೊರಿ. ತುಂಬಿದ ಬಿಂದಿಗೆ ಹೊತ್ತು ಹತ್ತುವ ನಿಮ್ಮ ಅಮ್ಮನ ಲೆಕ್ಕ ಮಾಡಿ ನೋಡಿ. ಪೀಣ್ಯದ ಕಾರ್ಖಾನೆಯಲ್ಲಿ ಇಡೀ ದಿನ ನಿಂತು ಕೆಲಸ ಮಾಡಿ ಬಂದು, ಮೇಲೆ ಇದನ್ನೂ ಮಾಡುವವರಿದ್ದಾರೆ. ಅವರ ಕೈಯಲ್ಲಿ ಕ್ಯಾಲೊರಿ ಗಡಿಯಾರವಿಲ್ಲ.

ನಾನು 'ಸುಮಾರು 4' ಎಂದೆ. ಕೆಲವು ಯಂತ್ರಗಳು 63.4 ಎಂದು ದಶಮಾಂಶ ಸಹಿತ ತೋರಿಸುತ್ತವೆ. ನಾಲ್ಕನೆಯ ಒಂದು ಭಾಗ ತಪ್ಪಬಹುದಾದ ಸಂಖ್ಯೆಗೆ ದಶಮಾಂಶ ಯಾಕೆ? ಯಂತ್ರ ಮಾಡಿದವರು ಅದರ ಮುಂದೆ 'ಸುಮಾರು' ಎಂದು ಬರೆಯಲಿ ಎನ್ನುವುದು ನನ್ನ ಅಭಿಪ್ರಾಯ. ಬೆಳೆಯುವ ಮಕ್ಕಳಿಗಂತೂ ಈ ಎಣಿಕೆ ಬೇಡವೇ ಬೇಡ. ಅದನ್ನು ನೋಡಿ ಊಟ ಬಿಡುವುದು ಇನ್ನೂ ಬೇಡ. ಯಾರಿಗಾದರೂ ತೂಕದ ಚಿಂತೆ ಇದ್ದರೆ ಶಾಲೆಗೆ ಬರುವ ವೈದ್ಯರನ್ನು ಕೇಳಿ, ಮೊಬೈಲನ್ನಲ್ಲ.

ಎಣಿಸಲೇಬೇಕು ಎನ್ನುವವರಿಗೆ ನಾಡಿ ಇದೆ. ಆ ಹುಡುಗಿಗೂ ಅದನ್ನೇ ತೋರಿಸಿದೆ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಆಟಕ್ಕೆ ಮೊದಲು ಒಂದು ಸಲ, ಆಟ ಮುಗಿದೊಡನೆ ಒಂದು ಸಲ, ಆಮೇಲೆ ನಿಮಿಷಕ್ಕೊಂದು ಸಲ ಐದು ನಿಮಿಷದವರೆಗೆ. ಯಾರ ನಾಡಿ ಬೇಗ ಮೊದಲಿನಂತಾಯಿತು? ದಿನಾ ಆಡುವವರದೇ, ಅಲ್ಲವೇ? ನಿಮ್ಮ ತರಗತಿಯ ಪಟ್ಟಿಯನ್ನು ವಿಜ್ಞಾನ ಶಿಕ್ಷಕರ ಕೈಯಲ್ಲಿ ಕಳುಹಿಸಿ, ನೋಡುತ್ತೇನೆ.