ಒಂದೇ ಫ್ಲ್ಯಾಟಿಗೆ ಹತ್ತು ವೆಬ್‌ಸೈಟ್: ಮಾರಾಟಕ್ಕಿರುವುದು ನಿಮ್ಮ ಫೋನ್ ನಂಬರ್

ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯೋ ಸರ್ಜಾಪುರ ರಸ್ತೆಯಲ್ಲೋ ಹೊಸದಾಗಿ ಏಳುತ್ತಿರುವ ಯಾವುದಾದರೂ ಅಪಾರ್ಟ್‌ಮೆಂಟಿನ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ ನೋಡಿ. ಬಿಲ್ಡರ್‌ನ ಸ್ವಂತ ವೆಬ್‌ಸೈಟೇ ಮೊದಲು ಸಿಕ್ಕರೆ ನಿಮ್ಮ ಅದೃಷ್ಟ. ಅದರ ಮೇಲೆ ಕೆಳಗೆಲ್ಲ ಅದೇ ಪ್ರಾಜೆಕ್ಟ್ ಹೆಸರಿನ ಇನ್ನಷ್ಟು ವೆಬ್‌ಸೈಟ್‌ಗಳಿರುತ್ತವೆ. ಒಂದರ ವಿಳಾಸದಲ್ಲಿ ನಡುವೆ ಸಣ್ಣ ಗೆರೆ, ಇನ್ನೊಂದರಲ್ಲಿ ಬಡಾವಣೆಯ ಹೆಸರು, ಮತ್ತೊಂದರ ಕೊನೆಗೆ ಡಾಟ್ ಕಾಮ್ ಬದಲು ಡಾಟ್ ಇನ್. ಒಳಗೆ ಹೋದರೆ ಎಲ್ಲ ಕಡೆಯೂ ಅದೇ ಲೋಗೊ, ಅದೇ ಈಜುಕೊಳ, ಅದೇ ನಗುವ ಗಂಡ ಹೆಂಡತಿ ಮಗು. ಎರಡು ಸಾಲು ಓದುವುದರೊಳಗೆ ಪರದೆಯ ನಡುವೆ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ: ಹೆಸರು ಮತ್ತು ಮೊಬೈಲ್ ಸಂಖ್ಯೆ ಕೊಡಿ, ಬೆಲೆಪಟ್ಟಿ ಪಡೆಯಿರಿ.

ಕೊಟ್ಟಿರೋ, ಕೆಟ್ಟಿರಿ. ಬೆಲೆಪಟ್ಟಿಗಿಂತ ಮೊದಲು ಕರೆ ಬರುತ್ತದೆ. ಒಂದಲ್ಲ, ಐದಾರು. ಬೇರೆ ಬೇರೆ ಕಂಪನಿಗಳ ಹೆಸರು ಹೇಳುತ್ತಾರೆ, ಎಲ್ಲರೂ ಮಾರುತ್ತಿರುವುದು ಮಾತ್ರ ಅದೇ ಫ್ಲ್ಯಾಟ್. ಮಾರನೇ ದಿನದಿಂದ ದೇವನಹಳ್ಳಿಯ ಸೈಟು, ಕನಕಪುರ ರಸ್ತೆಯ ವಿಲ್ಲಾ ಎಂದು ನೀವು ಕೇಳದ್ದಕ್ಕೂ ಕರೆಗಳು ಶುರು.

ಇದನ್ನು ಬರೀ ಸ್ಪ್ಯಾಮ್ ಕಾಟ ಅಂದುಕೊಂಡು ನಂಬರ್ ಬ್ಲಾಕ್ ಮಾಡಿ ಸುಮ್ಮನಾಗುತ್ತೇವೆ. ಕಾಟ ಹೌದು. ಆದರೆ ಇದರ ಹಿಂದೆ ಒಂದು ಲೆಕ್ಕಾಚಾರವಿದೆ, ಅದು ಮನೆಯ ಬೆಲೆಯವರೆಗೂ ಮುಟ್ಟುತ್ತದೆ.

ಈ ವೆಬ್‌ಸೈಟ್‌ಗಳಲ್ಲಿ ಬಹುಪಾಲು ಬಿಲ್ಡರ್‌ನವಲ್ಲ. 'ಚಾನೆಲ್ ಪಾರ್ಟ್‌ನರ್' ಎಂದು ಕರೆಸಿಕೊಳ್ಳುವ ಬ್ರೋಕರ್‌ಗಳದ್ದು, ಇಲ್ಲವೇ ಅವರಿಗೆ ನಂಬರ್ ಒದಗಿಸುವ ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಗಳದ್ದು. ಸೈಟ್ ಮಾರುವುದಕ್ಕೆ ಸೈಟ್ ಕಟ್ಟುವ ಕೆಲಸ ಈಗ ಬಲು ಅಗ್ಗ. ಒಂದು ಡೊಮೇನ್‌ಗೆ ವರ್ಷಕ್ಕೆ ಕೆಲವು ನೂರು ರೂಪಾಯಿ. ಪುಟದ ವಿನ್ಯಾಸ ಮೊದಲೇ ಸಿದ್ಧವಿರುತ್ತದೆ, ಪ್ರಾಜೆಕ್ಟಿನ ಹೆಸರು ಮತ್ತು ಫೋಟೊ ಬದಲಾಯಿಸಿದರೆ ಮುಗಿಯಿತು. ಹೀಗಾಗಿ ಒಬ್ಬನೇ ಬ್ರೋಕರ್ ಒಂದೇ ಪ್ರಾಜೆಕ್ಟಿಗೆ ನಾಲ್ಕಾರು ವೆಬ್‌ಸೈಟ್ ಇಟ್ಟುಕೊಳ್ಳಬಹುದು. ಕೆರೆಗೆ ಒಂದು ಗಾಳ ಹಾಕುವ ಬದಲು ಹತ್ತು ಗಾಳ ಹಾಕಿ ಕೂತ ಹಾಗೆ. ಯಾವ ಗಾಳಕ್ಕೆ ಸಿಕ್ಕರೂ ಮೀನು ಹೋಗುವುದು ಒಂದೇ ಬುಟ್ಟಿಗೆ.

ಇಷ್ಟೊಂದು ಆತುರ ಯಾಕೆ? ಉತ್ತರ 'ಟ್ಯಾಗಿಂಗ್' ಎಂಬ ಪದ್ಧತಿಯಲ್ಲಿದೆ. ದೊಡ್ಡ ಬಿಲ್ಡರ್‌ಗಳ ಮಾರಾಟ ವಿಭಾಗದಲ್ಲಿ ಗ್ರಾಹಕರ ನಂಬರ್‌ಗಳನ್ನು ದಾಖಲಿಸುವ ಸಾಫ್ಟ್‌ವೇರ್ ಇರುತ್ತದೆ. ಯಾವ ಬ್ರೋಕರ್ ನಿಮ್ಮ ನಂಬರನ್ನು ಅಲ್ಲಿ ಮೊದಲು ನಮೂದಿಸುತ್ತಾನೋ ನೀವು ಅವನ ಗಿರಾಕಿ. ಈ ಟ್ಯಾಗ್ 30 ದಿನವೋ, 60 ದಿನವೋ, 90 ದಿನವೋ ಊರ್ಜಿತದಲ್ಲಿರುತ್ತದೆ, ಬಿಲ್ಡರ್‌ನಿಂದ ಬಿಲ್ಡರ್‌ಗೆ ಬೇರೆ. ಆ ಅವಧಿಯಲ್ಲಿ ನೀವೇ ಬಸ್ಸು ಹತ್ತಿ ಹೋಗಿ, ನೀವೇ ನೋಡಿ, ನೀವೇ ಒಪ್ಪಿ ಮನೆ ಕೊಂಡರೂ ಕಮಿಷನ್ ಅವನಿಗೆ. ಕರೆ ಮಾಡಿದ ಹುಡುಗ 'ಒಂದ್ಸಲ ಸೈಟ್ ವಿಸಿಟ್ ಮಾಡಿ ಸರ್, ಕ್ಯಾಬ್ ನಾವೇ ಕಳಿಸ್ತೀವಿ' ಎಂದು ಅಷ್ಟೊಂದು ಅಂಗಲಾಚುವುದು ಇದಕ್ಕೇ. ಭೇಟಿ ಆದರೆ ಟ್ಯಾಗ್ ಗಟ್ಟಿಯಾಗುತ್ತದೆ.

ಕಮಿಷನ್ ಸಾಮಾನ್ಯವಾಗಿ ಶೇ 2ರ ಆಸುಪಾಸು. ಮಾರಾಟವಾಗದೆ ನಿಂತ ಪ್ರಾಜೆಕ್ಟುಗಳಲ್ಲಿ ಇನ್ನೂ ಹೆಚ್ಚು. 1.2 ಕೋಟಿಯ ಫ್ಲ್ಯಾಟ್ ಎಂದಿಟ್ಟುಕೊಳ್ಳಿ, ಶೇ 2 ಎಂದರೆ 2.4 ಲಕ್ಷ. ಒಂದು ಮಾರಾಟ ಕುದುರಿಸಲು ಜಾಹೀರಾತಿಗೆ ಅರ್ಧ ಲಕ್ಷ ಸುರಿದರೂ ಲಾಭವೇ. ಈ ದುಡ್ಡು ಬಿಲ್ಡರ್‌ನ ಜೇಬಿನಿಂದ ಹೋಗುತ್ತದೆ, ನಮಗೇನು ಎನ್ನುವವರಿದ್ದಾರೆ. ಚದರಡಿ ಬೆಲೆ ನಿಗದಿ ಮಾಡುವಾಗಲೇ ಮಾರಾಟದ ಖರ್ಚನ್ನು ಅದರೊಳಗೆ ಸೇರಿಸಿರುತ್ತಾರೆ ಎಂಬುದು ವ್ಯಾಪಾರ ಗೊತ್ತಿರುವ ಯಾರಿಗಾದರೂ ಗೊತ್ತು. 'ನಾನು ನೇರವಾಗಿ ಬಂದಿದ್ದೇನೆ, ಬ್ರೋಕರ್ ಇಲ್ಲ, ಆ ಹಣ ನನಗೆ ಬಿಡಿ' ಎಂದು ಚೌಕಾಸಿ ಮಾಡುವ ಒಂದೇ ಒಂದು ಅಸ್ತ್ರ ಕೊಳ್ಳುವವನ ಕೈಯಲ್ಲಿತ್ತು. ಬೆಲೆಪಟ್ಟಿ ನೋಡೋಣ ಅಂತ ಆ ಪೆಟ್ಟಿಗೆಯಲ್ಲಿ ನಂಬರ್ ತುಂಬಿದ ಕ್ಷಣ ಅದು ಕೈತಪ್ಪಿತು. ಕೈತಪ್ಪಿದ್ದು ಗೊತ್ತೂ ಆಗಲಿಲ್ಲ, ಏಕೆಂದರೆ ಅದು ಬಿಲ್ಡರ್‌ನ ವೆಬ್‌ಸೈಟೇ ಎಂದು ನೀವು ತಿಳಿದಿದ್ದಿರಿ.

ಹೊರದೇಶದ ಕನ್ನಡಿಗರು ಈ ಬಲೆಯಲ್ಲಿ ಇನ್ನೂ ಬೆಲೆಬಾಳುವ ಮೀನು. ದುಬೈನಲ್ಲೋ ನ್ಯೂಜೆರ್ಸಿಯಲ್ಲೋ ಕೂತು ಊರಲ್ಲೊಂದು ಮನೆ ಇರಲಿ ಎಂದು ಹುಡುಕುವವರಿಗೆ ವೆಬ್‌ಸೈಟ್ ಬಿಟ್ಟರೆ ಬೇರೆ ಕಿಟಕಿಯೇ ಇಲ್ಲ.

ಹಾಗಂತ ಹಲವು ವೆಬ್‌ಸೈಟ್ ಇಟ್ಟುಕೊಳ್ಳುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮೈಸೂರಿನ ಒಬ್ಬ ಬ್ರೋಕರ್ ಬಾಡಿಗೆ ಮನೆಗೆ ಒಂದು, ನಿವೇಶನಕ್ಕೆ ಒಂದು, ಹಳೆ ಮನೆ ಮರುಮಾರಾಟಕ್ಕೆ ಒಂದು ಪುಟ ಮಾಡಿಕೊಂಡರೆ ಹುಡುಕುವವರಿಗೂ ಅನುಕೂಲ. ಜಯನಗರದ ಮೂಲೆಯಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆ ನೇತುಹಾಕಿ ಬದುಕಿದ್ದ ಸಣ್ಣ ಬ್ರೋಕರ್‌ಗಳ ಕಸುಬನ್ನು ದೊಡ್ಡ ಪೋರ್ಟಲ್‌ಗಳು ನುಂಗಿವೆ. ಮ್ಯಾಜಿಕ್‌ಬ್ರಿಕ್ಸ್, 99ಏಕರ್ಸ್, ಹೌಸಿಂಗ್ ಡಾಟ್ ಕಾಮ್ ಇಂಥ ಕಡೆ ಮೇಲಿನ ಸಾಲಿನಲ್ಲಿ ಕಾಣಬೇಕಾದರೆ ದುಡ್ಡು ಕಟ್ಟಬೇಕು. ನಮ್ಮದೇ ಬೆಂಗಳೂರಿನ ನೋಬ್ರೋಕರ್ 2014ರಲ್ಲಿ ಹುಟ್ಟಿದ್ದೇ ಬ್ರೋಕರ್ ಬೇಡ ಎನ್ನುವ ಘೋಷಣೆಯ ಮೇಲೆ. ಇಂಥ ಹೊತ್ತಲ್ಲಿ ಸಣ್ಣವನು ತನ್ನದೇ ವೆಬ್‌ಸೈಟ್ ಕಟ್ಟಿಕೊಂಡರೆ ಅದು ಉಳಿವಿನ ದಾರಿ. ತಕರಾರು ಇರುವುದು ಸಂಖ್ಯೆಯ ಬಗ್ಗೆ ಅಲ್ಲ, ಮುಖವಾಡದ ಬಗ್ಗೆ. ಹತ್ತು ಪುಟ ಇರಲಿ, ಪ್ರತಿಯೊಂದರ ಮೇಲೂ ತನ್ನ ಹೆಸರು ಇರಲಿ. ಬಿಲ್ಡರ್‌ನ ವೇಷ ಹಾಕಿ ನಿಂತು, ಪುಟದ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಇದು ಅಧಿಕೃತ ವೆಬ್‌ಸೈಟ್ ಅಲ್ಲ' ಎಂದು ಬರೆದು ಕೈತೊಳೆದುಕೊಂಡರೆ ಅದನ್ನು ಪ್ರಾಮಾಣಿಕತೆ ಎನ್ನಲಾದೀತೇ?

ಗೂಗಲ್ ಕೂಡ ಇದನ್ನು ಕಾಣದೇ ಇಲ್ಲ. ವಿಳಾಸ ಮತ್ತು ಮುಖಪುಟದಲ್ಲಿ ಚೂರುಪಾರು ವ್ಯತ್ಯಾಸ ಮಾಡಿ ಹಲವು ವೆಬ್‌ಸೈಟ್ ತೆರೆಯುವುದನ್ನು ಅದರ ನೀತಿ 'ಡೋರ್‌ವೇ' ಎಂಬ ಹೆಸರಿನಲ್ಲಿ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. ಆದರೆ ಅದು ಉಚಿತ ಹುಡುಕಾಟದ ಫಲಿತಾಂಶಕ್ಕೆ ಅನ್ವಯಿಸುವ ನೀತಿ. ಕಾಸು ಕೊಟ್ಟು ಮೇಲೆ ಹಾಕಿಸಿಕೊಳ್ಳುವ ಜಾಹೀರಾತಿನ ಲೋಕವೇ ಬೇರೆ. ಅಲ್ಲಿ ಹತ್ತು ಜನ ಒಂದೇ ಪದಕ್ಕೆ ಹರಾಜು ಕೂಗಿದಷ್ಟೂ ಲಾಭ ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕಾನೂನು. ಇಲ್ಲಿ ಕಾಯ್ದೆ ಇಲ್ಲ ಎಂದು ಗೋಳಾಡುವ ಹಾಗಿಲ್ಲ, ಇರುವುದನ್ನು ಓದಬೇಕು ಅಷ್ಟೇ. 2016ರ ರೇರಾ ಕಾಯ್ದೆಯಲ್ಲಿ 'ರಿಯಲ್ ಎಸ್ಟೇಟ್ ಏಜೆಂಟ್' ಎಂದರೆ ಯಾರು ಎಂಬ ವ್ಯಾಖ್ಯೆ ಬಹಳ ವಿಶಾಲ. ಹಣ ಪಡೆದು ಕೊಳ್ಳುವವರನ್ನೂ ಮಾರುವವರನ್ನೂ ಯಾವುದೇ ಮಾಧ್ಯಮದ ಮೂಲಕ ಪರಸ್ಪರ ಪರಿಚಯಿಸುವವರು ಕೂಡ ಅದರೊಳಗೆ ಬರುತ್ತಾರೆ. 'ಯಾವುದೇ ಮಾಧ್ಯಮ' ಎಂದ ಮೇಲೆ ವೆಬ್‌ಸೈಟೂ ಬಂತು, ಫೇಸ್‌ಬುಕ್ ಫಾರಮ್ಮೂ ಬಂತು. 'ನಾವು ಬ್ರೋಕರ್ ಅಲ್ಲ, ಬರೀ ಲೀಡ್ ಕೊಡುವ ಮಾರ್ಕೆಟಿಂಗ್ ಕಂಪನಿ' ಎಂಬ ಸಬೂಬು ಈ ವ್ಯಾಖ್ಯೆಯ ಮುಂದೆ ನಿಲ್ಲಬಾರದು ಎಂಬುದು ನನ್ನ ಓದು. ಏಜೆಂಟ್ ಎಂದಾದ ಮೇಲೆ ಸೆಕ್ಷನ್ 9ರ ಪ್ರಕಾರ ನೋಂದಣಿ ಕಡ್ಡಾಯ. ಸೆಕ್ಷನ್ 10ರ ಪ್ರಕಾರ ನೋಂದಣಿಯಾಗದ ಪ್ರಾಜೆಕ್ಟನ್ನು ಮಾರಿಸಿಕೊಡುವಂತಿಲ್ಲ, ಸುಳ್ಳು ಹೇಳುವಂತಿಲ್ಲ.

ಮುಖವಾಡದ ಅಸಲಿ ಉಪಯೋಗ ಕಾಣುವುದು ಇಲ್ಲೇ. ರೇರಾ ನೋಂದಣಿಗೆ ಮೊದಲು ಬಿಲ್ಡರ್ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಪಡೆಯುವಂತಿಲ್ಲ. ಮುರಿದರೆ ಪ್ರಾಜೆಕ್ಟಿನ ಅಂದಾಜು ವೆಚ್ಚದ ಶೇ 10ರವರೆಗೆ ದಂಡ. ಹಾಗಾಗಿ ಬಿಲ್ಡರ್‌ನ ಅಧಿಕೃತ ವೆಬ್‌ಸೈಟ್ ಮೌನ. ಆದರೆ ಅಷ್ಟರಲ್ಲೇ ಆ ಪ್ರಾಜೆಕ್ಟಿನ ಹೆಸರಲ್ಲಿ ಊರಿಗೆಲ್ಲ 'ಪ್ರೀ ಲಾಂಚ್' ಪುಟಗಳು ಹುಟ್ಟಿರುತ್ತವೆ. ಅಂದಾಜು ಬೆಲೆ, ಮಹಡಿಗಳ ನಕ್ಷೆ, 'ಇಒಐ' ಎಂಬ ಹೆಸರಿನಲ್ಲಿ ಮುಂಗಡ ಚೆಕ್ಕಿನ ಮೊತ್ತ ಎಲ್ಲವೂ ಅಲ್ಲಿ ಹಾಜರು. ಕೇಳಿದರೆ ಬಿಲ್ಡರ್ 'ಅದು ನಮ್ಮದಲ್ಲ' ಎನ್ನಬಹುದು. ಪುಟದವನನ್ನು ಹುಡುಕಹೊರಟರೆ ಡೊಮೇನ್ ದಾಖಲೆಯಲ್ಲಿ ಹಲವು ಸಲ ಮಾಲೀಕನ ಹೆಸರೇ ಕಾಣುವುದಿಲ್ಲ. ತಪ್ಪಿತಸ್ಥ ಏಜೆಂಟ್‌ಗೆ ದಿನಕ್ಕೆ 10,000 ರೂಪಾಯಿ ದಂಡ ಎಂದು ಸೆಕ್ಷನ್ 62 ಹೇಳುತ್ತದೆ. ಯಾರಿಗೆ ಹಾಕುವುದು? ಚೆಕ್ ಕೊಟ್ಟ ಕುಟುಂಬ ಮುಂದೆ ಪ್ರಾಜೆಕ್ಟ್ ತಡವಾದರೆ, ನಕ್ಷೆ ಬದಲಾದರೆ, ಜಾಹೀರಾತಿನ ಸುಳ್ಳಿನಿಂದ ಆದ ನಷ್ಟಕ್ಕೆ ಸೆಕ್ಷನ್ 12ರಡಿ ಪರಿಹಾರ ಕೇಳಬಹುದು. ಆದರೆ ಆ ಮಾತು ಹೇಳಿದ ಪುಟ ಆ ಹೊತ್ತಿಗೆ ಅಳಿಸಿಹೋಗಿರುತ್ತದೆ.

ಕೃಷಿ ಜಮೀನಿನ ಕತೆ ಇದಕ್ಕಿಂತ ಹದಗೆಟ್ಟದ್ದು. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಅಲ್ಲಿಂದೀಚೆಗೆ ಸಕಲೇಶಪುರದಿಂದ ಚಿಕ್ಕಬಳ್ಳಾಪುರದವರೆಗೆ 'ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್' ಎಂಬ ಹೆಸರಲ್ಲಿ ಕಾಫಿ ಗಿಡ, ಶ್ರೀಗಂಧ, ಮಾವು ತೋರಿಸುವ ವೆಬ್‌ಸೈಟ್‌ಗಳಿಗೆ ಲೆಕ್ಕವಿಲ್ಲ. ಕೃಷಿ ಜಮೀನಿಗೆ ರೇರಾ ಅನ್ವಯಿಸುವುದಿಲ್ಲ ಎಂಬುದು ಮಾರುವವರ ವಾದ, ಆದ್ದರಿಂದ ಪುಟದ ಮೇಲೆ ಯಾವ ನೋಂದಣಿ ಸಂಖ್ಯೆಯೂ ಇರುವುದಿಲ್ಲ. ಗುಂಟೆ ಲೆಕ್ಕದಲ್ಲಿ ಕೊಂಡವನಿಗೆ ಪಹಣಿಯಲ್ಲಿ ಪ್ರತ್ಯೇಕ ಹೆಸರು ಬರುತ್ತದೋ, ಜಂಟಿ ಖಾತೆಯಲ್ಲಿ ಹತ್ತರೊಳಗೆ ಹನ್ನೊಂದನೆಯವನಾಗುತ್ತಾನೋ ಎಂಬ ಮುಖ್ಯ ಪ್ರಶ್ನೆಗೆ ಆ ಪುಟಗಳಲ್ಲಿ ಜಾಗವಿಲ್ಲ. ನಂಬರ್ ಕೊಡುವ ಪೆಟ್ಟಿಗೆಗೆ ಮಾತ್ರ ಮೂರು ಕಡೆ ಜಾಗವಿದೆ.

ಫೋನ್ ನಂಬರಿನ ವಿಷಯಕ್ಕೆ ಮರಳೋಣ. 1909ಕ್ಕೆ ಸಂದೇಶ ಕಳಿಸಿ ಡಿಎನ್‌ಡಿ ಹಾಕಿಸಿಕೊಂಡಿದ್ದೇವಲ್ಲ ಎನ್ನುತ್ತೀರಾ? ಆ ಪೆಟ್ಟಿಗೆಯ ಕೆಳಗೆ, ಮೊದಲೇ ಟಿಕ್ ಹಾಕಿಟ್ಟ ಒಂದು ಸಾಲು ಇರುತ್ತದೆ, ಓದಿ. ನನ್ನ ನಂಬರ್ ಡಿಎನ್‌ಡಿಯಲ್ಲಿದ್ದರೂ ಕರೆ ಮಾಡಲು ಅನುಮತಿ ಕೊಟ್ಟಿದ್ದೇನೆ ಎಂಬರ್ಥದ ಸಾಲು. ಕಂಪನಿಗೆ ಮಾತ್ರವಲ್ಲ, 'ಅದರ ಪ್ರತಿನಿಧಿಗಳಿಗೂ'. ಆ ಪ್ರತಿನಿಧಿಗಳು ಯಾರು, ಎಷ್ಟು ಜನ ಎಂದು ಎಲ್ಲೂ ಹೇಳಿರುವುದಿಲ್ಲ. ಫೇಸ್‌ಬುಕ್‌ನಲ್ಲಂತೂ ಜಾಹೀರಾತು ಒತ್ತಿದರೆ ನಿಮ್ಮ ಪ್ರೊಫೈಲಿನಲ್ಲಿರುವ ಹೆಸರು, ನಂಬರ್ ತಾವಾಗಿಯೇ ತುಂಬಿಕೊಂಡು ಬರುತ್ತವೆ. ಇನ್ನೊಮ್ಮೆ ಬೆರಳು ತಗುಲಿದರೆ ಮುಗಿಯಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಗಡುವು, ಅಂದರೆ 2027ರ ಮೇ. ಅದರ ಪ್ರಕಾರ ಒಪ್ಪಿಗೆ ನಿರ್ದಿಷ್ಟ ಉದ್ದೇಶಕ್ಕೆ ಮಾತ್ರ, ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು. ನನ್ನ ಮಾಹಿತಿಯನ್ನು ಯಾರ್ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳುವ ಹಕ್ಕನ್ನು ಸೆಕ್ಷನ್ 11 ಕೊಡುತ್ತದೆ. ಲೀಡ್ ದಂಧೆಯ ಬುಡಕ್ಕೇ ಕೊಡಲಿ ಹಾಕಬಲ್ಲ ಹಕ್ಕು ಇದು. ಆದರೆ ಪುಟದ ಒಡೆಯ ಯಾರೆಂದೇ ಗೊತ್ತಿಲ್ಲದಿದ್ದರೆ ಈ ಪ್ರಶ್ನೆಯನ್ನು ಕೇಳುವುದು ಯಾರನ್ನ?

ಅದಕ್ಕೇ ಕರ್ನಾಟಕ ರೇರಾ ಪ್ರಾಧಿಕಾರ ಕೈಹಾಕಬೇಕಾದ ಕೆಲಸ ದೊಡ್ಡದೇನಲ್ಲ. ಪ್ರಾಜೆಕ್ಟ್ ನೋಂದಣಿಯ ಅರ್ಜಿಯಲ್ಲೇ ಬಿಲ್ಡರ್ ತನ್ನ ಏಜೆಂಟ್‌ಗಳ ಹೆಸರು, ವಿಳಾಸ ಕೊಡಬೇಕೆಂದು ಸೆಕ್ಷನ್ 4 ಈಗಾಗಲೇ ಹೇಳುತ್ತದೆ. ಆ ಸಾಲಿನ ಪಕ್ಕ ಇನ್ನೊಂದು ಕಾಲಂ ಬೇಕು: ಆ ಏಜೆಂಟ್ ಈ ಪ್ರಾಜೆಕ್ಟಿಗೆ ಬಳಸುವ ವೆಬ್‌ಸೈಟ್‌ಗಳ ವಿಳಾಸ. ಆಮೇಲೆ ಏಜೆಂಟ್ ಸೇರಿಕೊಂಡರೆ, ಹೊಸ ಪುಟ ತೆರೆದರೆ ಪಟ್ಟಿಗೆ ಸೇರಿಸಲಿ. ಪಟ್ಟಿಯಲ್ಲಿ ಇಲ್ಲದ ಪುಟ ತನ್ನ ಪ್ರಾಜೆಕ್ಟ್ ಮಾರುತ್ತಿದ್ದರೆ ದೂರು ಕೊಡುವ ಹೊಣೆ ಬಿಲ್ಡರ್‌ನದ್ದಾಗಲಿ, ಅಂಥ ಪುಟದಿಂದ ಬಂದ ಲೀಡ್‌ಗೆ ಕಮಿಷನ್ ಕೊಟ್ಟರೆ ಅದು ಅವನದೇ ಜಾಹೀರಾತು ಎಂದು ಪರಿಗಣಿಸಲಿ. ಮಹಾರಾಷ್ಟ್ರ ರೇರಾ 2023ರ ಆಗಸ್ಟ್‌ನಿಂದಲೇ ಜಾಹೀರಾತುಗಳಲ್ಲಿ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದೆ. ಅಂಥದ್ದು ಇಲ್ಲಿಯೂ ಪ್ರತಿ ಏಜೆಂಟ್ ಪುಟದ ತಲೆಯ ಮೇಲಿದ್ದರೆ ಮೊಬೈಲ್ ಹಿಡಿದ ಯಾರಾದರೂ ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು. ಬಿಲ್ಡರ್‌ಗಳು ಇದಕ್ಕೆ ಒಪ್ಪುವರೇ ಎಂಬುದು ಬೇರೆ ಮಾತು. ಈಗಿನ ಗೊಂದಲ ಅವರಿಗೂ ಒಳ್ಳೆಯದೇ.

ಅಲ್ಲಿಯವರೆಗೆ ಕೊಳ್ಳುವವರು ನೋಡಬೇಕಾದದ್ದು ಪುಟದ ತಳದಲ್ಲಿರುವ ರೇರಾ ಸಂಖ್ಯೆ. ಕರ್ನಾಟಕದ ಸಂಖ್ಯೆಗಳ ನಡುವೆ ಎರಡು ಅಕ್ಷರ ಇರುತ್ತವೆ. 'ಪಿಆರ್' ಇದ್ದರೆ ಅದು ಪ್ರಾಜೆಕ್ಟಿನ ಸಂಖ್ಯೆ, 'ಎಜಿ' ಇದ್ದರೆ ಏಜೆಂಟ್‌ನದ್ದು. ಪಿಆರ್ ಸಂಖ್ಯೆ ದಪ್ಪಗೆ ಬರೆದು ಎಜಿ ಸಂಖ್ಯೆ ಎಲ್ಲೂ ಕಾಣದ, ಬಿಲ್ಡರ್‌ನದ್ದೂ ಅಲ್ಲದ ಪುಟದಲ್ಲಿ ನಂಬರ್ ತುಂಬಬೇಡಿ. ಪಿಆರ್ ಸಂಖ್ಯೆಯನ್ನು ರೇರಾ ವೆಬ್‌ಸೈಟಿನಲ್ಲಿ ಹಾಕಿದರೆ ಬಿಲ್ಡರ್‌ನ ವಿವರ, ಮಂಜೂರಾದ ನಕ್ಷೆ, ಮುಗಿಸಬೇಕಾದ ದಿನಾಂಕ ಸಿಗುತ್ತದೆ, ಯಾರಿಗೂ ಫೋನ್ ನಂಬರ್ ಕೊಡದೆ. ಬ್ರೋಕರ್ ಬೇಡ ಎಂದಾದರೆ ಮೊದಲ ಕರೆಯನ್ನೂ ಮೊದಲ ಭೇಟಿಯನ್ನೂ ನೇರವಾಗಿ ಬಿಲ್ಡರ್ ಕಚೇರಿಗೇ ಮಾಡಿ. ಅಲ್ಲಿ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರು ಬರೆದುಕೊಂಡು ಒಟಿಪಿ ಕೇಳುತ್ತಾರೆ. ಕೊಡುವ ಮೊದಲು 'ನನ್ನ ನಂಬರ್ ಯಾರ ಹೆಸರಲ್ಲಿ ಟ್ಯಾಗ್ ಆಗಿದೆ, ತೋರಿಸಿ' ಎಂದು ಕೇಳಿ ನೋಡಿ.