ಸೂಜಿ ಹುಡುಗರ ಕೈಗೂ ಕೊಡಿ (ಭಾಗ 7)

ಮೂರನೇ ಕ್ಲಾಸಿನ ಮಕ್ಕಳಿಗೆ ಹೊಲಿಗೆ ಕಲಿಸ್ಬೇಕು ಅಂದ್ರೆ ಎಲ್ರೂ ಮೊದಲು ಕೇಳೋದು, "ಚುಚ್ಕೊಂಡ್ರೆ?" ಅಂತ. ಮೊನೆ ಮೊಂಡಾಗಿರೋ ದಪ್ಪ ಸೂಜಿ ಸಿಗುತ್ತೆ. ಗೋಣಿತಾಟಿನ ನೇಯ್ಗೆ ಸಡಿಲ, ಉಲ್ಲನ್ ದಾರ ಸಲೀಸಾಗಿ ದಾಟುತ್ತೆ. ಶುರು ಮಾಡೋಕೆ ಅಷ್ಟು ಸಾಕು.

ನನ್ನ ತಕರಾರು ಬೇರೆ. ನಾನು ಓದಿದ ಶಾಲೆಯಲ್ಲಿ ಹೊಲಿಗೆ ಪೀರಿಯಡ್ ಅಂದ್ರೆ ಹುಡುಗೀರು ಒಳಗೆ, ಹುಡುಗರು ಗ್ರೌಂಡಿಗೆ. ಅಂಥ ಹುಡುಗರೇ ಈಗ ಗುಂಡಿ ಕಿತ್ತೋಗಿರೋ ಶರ್ಟಿಗೆ ಪಿನ್ ಹಾಕ್ಕೊಂಡು ಸೆಮಿನಾರ್ ಕೊಡ್ತಾರೆ! ಆದ್ರೆ ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟಿರೋ ಗಂಡಸರು ಎಷ್ಟು ಜನ ನೋಡಿ. ದುಡ್ಡು ಬಂದ್ರೆ ಕಸುಬು, ಮನೇಲಾದ್ರೆ ಹೆಂಗಸರ ಕೆಲಸ. ಬಿಕಾಂ ಓದೋಳಿಗೆ ಈ ಲೆಕ್ಕ ಟ್ಯಾಲಿ ಆಗ್ತಿಲ್ಲ.

ಲೆಕ್ಕ ಅಂದ್ರೆ ನೆನಪಾಯ್ತು. ಧಾರವಾಡದ ಕಸೂತಿ ನೋಡಿದ್ದೀರಲ್ಲ? ಬಟ್ಟೆ ಮೇಲೆ ಚಿತ್ರ ಬರ್ಕೊಳ್ಳಲ್ಲ, ಎಳೆ ಎಣಿಸಿ ಹಾಕ್ತಾರೆ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದೊಂದು ಜಾಗ ಬಿಟ್ಕೊಂಡು ಹೋಗಿ, ವಾಪಸ್ ಬರುವಾಗ ಬಿಟ್ಟಿದ್ದನ್ನು ತುಂಬೋದು. ಗಂಟು ಹಾಕೋ ಹಾಗಿಲ್ಲ, ಎರಡೂ ಕಡೆ ಒಂದೇ ಥರ ಕಾಣ್ಬೇಕು. ಎಣಿಕೆ ತಪ್ಪಿದ್ರೆ ಗೋಪುರ ವಾಲುತ್ತೆ. ಇದು ಗಣಿತ ಅಲ್ವಾ? ಕೈಕೆಲಸದ ಮೂಲಕವೇ ಪಾಠ ಆಗಲಿ ಅಂತ ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ಹೇಳಿದ್ರು. ನಮ್ಮಲ್ಲಿ ಪರೀಕ್ಷೆ ಹತ್ರ ಬಂದ್ರೆ ಮೊದಲು ಹೋಗೋದೇ ಕ್ರಾಫ್ಟ್ ಪೀರಿಯಡ್.

ವಾರಕ್ಕೊಂದು ಪೀರಿಯಡ್ ಕೊಡಿ ಸಾಕು. ಗುಂಡಿ ಹಾಕೋದು, ಹರಿದ ಬ್ಯಾಗಿನ ಪಟ್ಟಿ ಹೊಲಿಯೋದು. ಇಡೀ ಕ್ಲಾಸಿಗೆ, ಒಟ್ಟಿಗೇ ಕೂರಿಸಿ.

ನಿಮ್ ಶಾಲೇಲಿ ಹುಡುಗರಿಗೂ ಸೂಜಿ ಕೊಟ್ಟಿದ್ರಾ? ಕಮೆಂಟಲ್ಲಿ ಹೇಳಿ.